ದಾಟುಪಟ್ಟಿ

ಬೋನ್‌ವಿರೆಯಲ್ಲಿ ಬೆಳಗಾದರೆ
ಮೊದಲು ಸದ್ದು, ಆಮೇಲೆ ಬೆಳಕು.
ನಮ್ಮ ಓಣಿಯ ಹದಿನಾರು ಮಗ್ಗ ಒಟ್ಟಿಗೆ ಕೆಮ್ಮುತ್ತವೆ.
ಹದಿನೇಳನೆಯದು ನಮ್ಮದು.
ಅದರ ಮೇಲೀಗ ಕೋಳಿ ಕೂರುತ್ತದೆ.

ನ್ಸಿಯಾನ ಬಲಗೈ ಹೆಬ್ಬೆರಳು
ತೋರುಬೆರಳಿಗೆ ಏನನ್ನೋ ಎಣಿಸಿಕೊಡುತ್ತಲೇ ಇದೆ,
ಎರಡು ವರ್ಷವಾಯಿತು.
ಸಾಲ ತೀರಿಸುವಾಗಲೂ ನೀನು ಇಷ್ಟು ಎಣಿಸಿದವನಲ್ಲ
ಎನ್ನುತ್ತೇನೆ.
ನಗುತ್ತಾನೆ. ಆ ನಗು ಮುಖಕ್ಕೆ ಬಂದು ಮುಟ್ಟುವಷ್ಟರಲ್ಲಿ
ನಾನು ಒಳಗೆ ಹೋಗಿ ಸಾರಿಗೆ ಉಪ್ಪು ಹಾಕಿ ಬಂದಿರುತ್ತೇನೆ.

ಕುಮಾಸಿಯ ಡಾಕ್ಟರು ಹಳೆಯ ಲಕೋಟೆಯ ಮೇಲೆ
ಮಿದುಳಿನ ಚಿತ್ರ ಬರೆದರು. ನಡುವೆ ಒಂದು ಕಪ್ಪು ಚುಕ್ಕೆ.
"ಇಲ್ಲಿ ನೂಲು ಮುಗಿಯುತ್ತಿದೆ."
ನೇಕಾರನಿಗೆ ಮತ್ತೇನು ಬಿಡಿಸಿ ಹೇಳಬೇಕು?
ಕಂಡಿಕೆ ಬರಿದಾದ ಮೇಲೂ ಲಾಳಿ ಓಡುತ್ತದೆ,
ಬಟ್ಟೆ ಮಾತ್ರ ಆಗುವುದಿಲ್ಲ.

ಬರೆದುಕೊಟ್ಟ ಮಾತ್ರೆ ಅಂಗಡಿಯಲ್ಲಿ ಎರಡು ವಾರ ಇರುತ್ತದೆ,
ಉಳಿದೆರಡು ವಾರ ಅಂಗಡಿಯವನ ಸಮಾಧಾನ.
ಆಗಲೇ ನಾದಿನಿ ತಂದದ್ದು ನಸುಗುನ್ನಿ ಬೀಜ.
ಶಾಲೆಯಲ್ಲಿ ಮೇಷ್ಟರ ಕುರ್ಚಿಗೆ ಸವರಿ ಓಡುತ್ತಿದ್ದೆವಲ್ಲ,
ಅದೇ ತುರಿಕೆಕಾಯಿ.
ಹುರಿದೆ, ಸಿಪ್ಪೆ ತೆಗೆದೆ, ಬೀಸಿದೆ.
ಮೊಣಕೈವರೆಗೆ ಮೂರು ದಿನ ಕೆರೆದುಕೊಂಡೆ.

ಡಾಕ್ಟರು ಬೈಯಲಿಲ್ಲ, ಹೊಗಳಲೂ ಇಲ್ಲ.
"ಮಾತ್ರೆಯಲ್ಲಿರುವುದು ಇದರಲ್ಲೂ ಇದೆ,
ಎಷ್ಟಿದೆ ಎನ್ನುವುದು ಬೀಜಕ್ಕೇ ಗೊತ್ತಿಲ್ಲ.
ಕದ್ದು ಕೊಡಬೇಡಿ. ನಾನು ಹೇಳಿದಷ್ಟು, ಅಳೆದು, ಬರೆದಿಟ್ಟು.
ಮಾತ್ರೆ ಸಿಕ್ಕ ದಿನ ಬೇಡ."
"ಇದು ಮಿದುಳನ್ನು ಕಾಯುತ್ತದೆಯೇ?"
ಅವರು ಕನ್ನಡಕ ತೆಗೆದು ಒರೆಸಿದರು.
ತುಂಬಾ ಹೊತ್ತು ಒರೆಸಿದರು.
"ನಡೆಸಿ," ಎಂದರು, "ದಿನಾ ನಡೆಸಿ."

ನಡೆಸುವುದು!
ಬಾಗಿಲಿಗೆ ಬಂದರೆ ಸಾಕು,
ಅವನ ಪಾದಕ್ಕೆ ಬೇರು ಒಡೆಯುತ್ತದೆ.
ಮೈ ಮುಂದೆ ಹೋಗುತ್ತದೆ, ಕಾಲು ಕೇಳುವುದಿಲ್ಲ.
ಮಗ್ಗದ ಹಲಗೆಯಲ್ಲಿ ಕೂತು ಕಾಲ್ಬೆರಳಿಂದ
ನಲವತ್ತು ವರ್ಷ ಹಗ್ಗ ಎಳೆದ ಕಾಲು ಅದು.

ಡೆಡೆ ಎಂಬ ಹುಡುಗಿ ಅಕ್ರಾದಿಂದ ಬಂದಳು, ವ್ಯಾಯಾಮ ಕಲಿಸಲು.
ಅಂಗಳದಲ್ಲಿ ಸುಣ್ಣದಿಂದ ಅಡ್ಡಗೆರೆ ಎಳೆದು
"ದಾಟಿ, ಅಜ್ಜಾ" ಎಂದಳು.
ಬಯಲಲ್ಲಿ ನಿಂತುಬಿಡುವವನು
ಗೆರೆ ಕಂಡದ್ದೇ ದಾಟಿದ!
ಅವಳು ಬಸ್ಸು ಹತ್ತಿದಳು.
ಸಂಜೆಯೊಳಗೆ ಕೋಳಿಗಳು ಗೆರೆಯನ್ನೆಲ್ಲ ಕೆದರಿ ತಿಂದವು.

ಆ ರಾತ್ರಿ ಪೆಟ್ಟಿಗೆ ತೆಗೆದೆ.
ನಮ್ಮ ಮದುವೆಗೆಂದು ಅವನೇ ನೇಯ್ದದ್ದು:
ಹದಿನಾಲ್ಕು ಪಟ್ಟಿ, ಅಂಚಿಗೆ ಅಂಚು ಕೂಡಿಸಿ ಹೊಲಿದ ಬಟ್ಟೆ.
ಲಾಂದ್ರದ ಬೆಳಕಲ್ಲಿ, ಬ್ಲೇಡಿನಿಂದ,
ಒಂದೊಂದೇ ಹೊಲಿಗೆ ಬಿಚ್ಚಿದೆ.
ಅತ್ತೆನೇನೋ, ನೆನಪಿಲ್ಲ. ಕಣ್ಣಿಗೆ ಹೊಗೆ ಹೋಗಿತ್ತು.

ಬೆಳಿಗ್ಗೆ ಅಂಗಳಕ್ಕೆ ಅಡ್ಡ ಹಾಸಿದೆ,
ಹೆಜ್ಜೆಗೊಂದು ಪಟ್ಟಿ, ತುದಿಗೊಂದು ಕಲ್ಲು.
ಹಳದಿ, ಹಸಿರು, ಒಣಗಿದ ಮೆಣಸಿನ ಕೆಂಪು.
ನೋಡಿದ. ಮುಖದಲ್ಲಿ ಏನೂ ಇಲ್ಲ,
ಆ ಮುಖದಲ್ಲೀಗ ಏನೂ ನಿಲ್ಲುವುದಿಲ್ಲ,
ಕಣ್ಣು ಮಾತ್ರ ನನ್ನನ್ನು ಹೊಡೆಯಿತು.
"ಸೆರ್ವಾ, ಇದನ್ನು ತುಳಿಯಲೇ?"
"ತುಳಿಯಬೇಡ. ದಾಟು."

ಒಂದು. ಎರಡು.
ಮೂರಕ್ಕೆ ನನ್ನ ಭುಜ ಹಿಡಿದ, ನಾಲ್ಕಕ್ಕೆ ಬಿಟ್ಟ.
ಆರನೆಯದರ ಮುಂದೆ ನಿಂತೇಬಿಟ್ಟ.
ಬೇರು ಬಿಟ್ಟಿತು ಅಂದುಕೊಂಡು ಓಡಿದೆ.
ಅವನು ಬಗ್ಗಿ ನೋಡುತ್ತಿದ್ದ:
"ಇಲ್ಲಿ ಒಂದೆಳೆ ತಪ್ಪಿದೆ.
ಇಷ್ಟು ವರ್ಷ ಉಟ್ಟೆ, ಒಂದು ದಿನವೂ ಹೇಳಲಿಲ್ಲ."
"ಮದುವೆ ದಿನವೇ ಕಂಡಿತ್ತು. ನಡಿ."

ಡಾಕ್ಟರು ಹೇಳಿದ ಪುಸ್ತಕದಲ್ಲಿ ಆ ದಿನ ಬರೆದದ್ದು ಇಷ್ಟು:
ಪುಡಿ, ಮುಕ್ಕಾಲು ಚಮಚ.
ಪಟ್ಟಿ, ಹದಿಮೂರು.
ಹದಿನಾಲ್ಕನೆಯದರ ಮೇಲೆ
ಕೋಳಿ ಕೂತಿತ್ತು.